ರಿಮೋಟ್ ಹೆಲಿಕಾಪ್ಟರ್ ಕಲಿಯಬೇಕೇ? ಹೊಸಬರಿಗೆ ಹಂತ ಹಂತದ ದಾರಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಆಮೇಲೆ ತುಮಕೂರು ಜಿಲ್ಲೆಯ ಓದುಗರಿಂದ, ಅದರಲ್ಲೂ ಕಾಲೇಜು ಹುಡುಗರಿಂದ ಮತ್ತು ಅವರ ಅಪ್ಪಂದಿರಿಂದ, ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ರಿಮೋಟ್ ಹೆಲಿಕಾಪ್ಟರ್ ಕಲಿಯಬೇಕು, ಯಾವುದನ್ನು ಕೊಳ್ಳಲಿ?

ಹೆಲಿಕಾಪ್ಟರ್ ಕೊಳ್ಳುವುದು ಈ ಕಲಿಕೆಯಲ್ಲಿ ಮೂರನೆಯ ಕೆಲಸ. ಅದನ್ನೇ ಮೊದಲು ಮಾಡಿದವರ ಹೆಲಿಕಾಪ್ಟರ್‌ಗಳು ಬಹುಪಾಲು ಅಟ್ಟದ ಮೇಲಿವೆ. ಹಾಗಾಗಿ ಕೆಳಗಿನ ಕ್ರಮವನ್ನು ದಯವಿಟ್ಟು ಅದಲು ಬದಲು ಮಾಡಬೇಡಿ.

ಹಂತ 1: ಯಂತ್ರ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಮದುವೆ ಮನೆಯಲ್ಲಿ ಹಾರುವ ಕ್ಯಾಮೆರಾ ಡ್ರೋನ್ ನೋಡಿ ಹೆಲಿಕಾಪ್ಟರ್ ಕೂಡ ಹಾಗೆಯೇ ಎಂದುಕೊಳ್ಳುವವರು ಬಹಳ. ರಿಮೋಟಿನ ಸ್ಟಿಕ್ (ಹೆಬ್ಬೆರಳಿನಿಂದ ಆಡಿಸುವ ಕಡ್ಡಿ) ಬಿಟ್ಟರೆ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಜಿಪಿಎಸ್ ಅದನ್ನು ಹಿಡಿದಿರುತ್ತದೆ. ಹೆಲಿಕಾಪ್ಟರ್‌ ಅನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು ಅಂಗೈ ಮೇಲೆ ಕೋಲು ನಿಲ್ಲಿಸಿದಂತೆ. ಕೈ ಸದಾ ಸಣ್ಣ ಸಣ್ಣದಾಗಿ ಆಡುತ್ತಲೇ ಇರಬೇಕು. ಹೀಗೆ ಒಂದೆಡೆ ನಿಲ್ಲಿಸುವುದಕ್ಕೆ ಹೋವರ್ ಎನ್ನುತ್ತಾರೆ.

ಮೇಲಿನ ದೊಡ್ಡ ರೋಟರ್, ಅಂದರೆ ಬ್ಲೇಡುಗಳ ಚಕ್ರ, ಒಂದು ದಿಕ್ಕಿಗೆ ತಿರುಗಿದಾಗ ಒಡಲು ಅದರ ವಿರುದ್ಧ ದಿಕ್ಕಿಗೆ ಸುತ್ತಲು ನೋಡುತ್ತದೆ. ಅದನ್ನು ತಡೆಯುವುದೇ ಬಾಲದ ಪುಟ್ಟ ರೋಟರ್. ದೊಡ್ಡ ರೋಟರಿನ ಕೆಳಗೆ ಸ್ವಾಶ್‌ಪ್ಲೇಟ್ ಎಂಬ ತಟ್ಟೆ ಇರುತ್ತದೆ. ಸರ್ವೊಗಳು, ಅಂದರೆ ರೇಡಿಯೊ ಆಜ್ಞೆಗೆ ತಕ್ಕಂತೆ ತೋಳು ಆಡಿಸುವ ಪುಟ್ಟ ಮೋಟಾರುಗಳು, ಈ ತಟ್ಟೆಯನ್ನು ವಾಲಿಸುತ್ತವೆ. ತಟ್ಟೆ ವಾಲಿದ ಕಡೆಗೆ ಹೆಲಿ ಹೋಗುತ್ತದೆ.

ಕೊಳ್ಳುವಾಗ ಕಿವಿಗೆ ಬೀಳುವ ಎರಡು ಪದಗಳು ಫಿಕ್ಸೆಡ್ ಪಿಚ್ ಮತ್ತು ಕಲೆಕ್ಟಿವ್ ಪಿಚ್. ಪಿಚ್ ಎಂದರೆ ಬ್ಲೇಡಿನ ಓರೆ. ಫಿಕ್ಸೆಡ್ ಪಿಚ್‌ನಲ್ಲಿ ಅದು ಬದಲಾಗದು. ಮೇಲೇರಲು ರೋಟರ್ ಜೋರಾಗಿ ತಿರುಗಬೇಕು. ಸ್ಟಿಕ್ ತಳ್ಳಿದ ಮೇಲೆ ಅರೆ ಗಳಿಗೆ ಕಾಯಬೇಕಾಗುತ್ತದೆ. ಕಲೆಕ್ಟಿವ್ ಪಿಚ್‌ನಲ್ಲಿ ರೋಟರಿನ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ, ಎರಡೂ ಬ್ಲೇಡುಗಳ ಓರೆ ಒಟ್ಟಿಗೆ ಬದಲಾಗುತ್ತದೆ. ಪ್ರತಿಕ್ರಿಯೆ ಆ ಕ್ಷಣಕ್ಕೇ ಬರುತ್ತದೆ. ತಲೆಕೆಳಗಾಗಿ ಹಾರಿಸುವವರು ಬಳಸುವುದು ಇದನ್ನೇ. ಒಂದರ ಮೇಲೊಂದು ಎರಡು ರೋಟರ್ ಇರುವ ಕೋ-ಆಕ್ಸಿಯಲ್ ಆಟಿಕೆಗಳೂ ಸಿಗುತ್ತವೆ. ಅವು ತಾವೇ ಸ್ಥಿರವಾಗಿ ನಿಲ್ಲುತ್ತವೆ. ಅದೇ ಕಾರಣಕ್ಕೆ ಕಲಿಯುವವರಿಗೆ ಏನನ್ನೂ ಕಲಿಸುವುದಿಲ್ಲ. ಮಕ್ಕಳಿಗೆ ಕೊಡಿಸಿ, ನೀವು ಮುಂದೆ ಓದಿ.

ಹಂತ 2: ರೇಡಿಯೊ ಕೊಳ್ಳಿ, ಸಿಮ್ಯುಲೇಟರ್‌ನಲ್ಲಿ ಕೂರಿ

ಮೊದಲ ಹಣ ರೇಡಿಯೊಗೆ ಹೋಗಲಿ. ರೇಡಿಯೊ ಎಂದರೆ ಕೈಯಲ್ಲಿ ಹಿಡಿಯುವ, ಎರಡು ಸ್ಟಿಕ್‌ಗಳಿರುವ ಟ್ರಾನ್ಸ್‌ಮಿಟರ್. ಹೆಲಿಕಾಪ್ಟರ್ ಮುರಿದರೂ ರೇಡಿಯೊ ವರ್ಷಗಟ್ಟಲೆ ಉಳಿಯುತ್ತದೆ. ಪೆಟ್ಟಿಗೆಯೊಳಗೆ ಹೆಲಿಯ ಜೊತೆ ಬರುವ ಆಟಿಕೆ ರಿಮೋಟನ್ನು ನೆಚ್ಚಬೇಡಿ. ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಜೋಡಿಸಬಹುದಾದ, ಒಂದಕ್ಕಿಂತ ಹೆಚ್ಚು ಮಾದರಿಗಳ ಹೊಂದಾಣಿಕೆ ಉಳಿಸಿಕೊಳ್ಳುವ 2.4 ಗಿಗಾಹರ್ಟ್ಸ್ ರೇಡಿಯೊ ಸಾಕು. ರೇಡಿಯೊಮಾಸ್ಟರ್ ಕಂಪನಿಯ ಸಣ್ಣ ಮಾದರಿಗಳು ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿವೆ. ಆದರೆ ನೀವು ಕೊಳ್ಳಬೇಕೆಂದಿರುವ ಹೆಲಿಯ ರಿಸೀವರ್ (ರೇಡಿಯೊದ ಆಜ್ಞೆ ಹಿಡಿಯುವ ಸಾಧನ) ಯಾವ ರೇಡಿಯೊಗೆ ಹೊಂದುತ್ತದೆ ಎಂದು ಮೊದಲೇ ವಿಚಾರಿಸಿ. ಹಣ ಕೊಟ್ಟ ಮೇಲೆ ಈ ಪ್ರಶ್ನೆ ಕೇಳುವವರೇ ಜಾಸ್ತಿ.

ಸ್ಟಿಕ್‌ಗಳ ಜೋಡಣೆಗೆ ಮೋಡ್ ಎನ್ನುತ್ತಾರೆ. ಮೋಡ್ 2 ಆರಿಸಿ. ಅದರಲ್ಲಿ ಎಡ ಸ್ಟಿಕ್ ಮೇಲೆ ಕೆಳಗೆ ಆಡಿದರೆ ಹೆಲಿ ಏರಿಳಿಯುತ್ತದೆ, ಎಡ ಬಲಕ್ಕೆ ಆಡಿದರೆ ಮೂತಿ ತಿರುಗುತ್ತದೆ. ಬಲ ಸ್ಟಿಕ್ ಹೆಲಿಯನ್ನು ಹಿಂದೆ, ಮುಂದೆ, ಪಕ್ಕಕ್ಕೆ ವಾಲಿಸುತ್ತದೆ; ಈ ವಾಲಿಸುವಿಕೆಗೆ ಸೈಕ್ಲಿಕ್ ಎಂದು ಹೆಸರು. ಒಮ್ಮೆ ಹೆಬ್ಬೆರಳಿಗೆ ಒಂದು ಮೋಡ್ ಕೂತರೆ ಬದಲಿಸುವುದು ಬಹಳ ಕಷ್ಟ.

ಸಿಮ್ಯುಲೇಟರ್ ಎಂದರೆ ಕಂಪ್ಯೂಟರ್ ಪರದೆಯ ಮೇಲೆ ಹಾರಿಸುವ ತಂತ್ರಾಂಶ. ಹೆಲಿ-ಎಕ್ಸ್, ನೆಕ್ಸ್ಟ್, ರಿಯಲ್‌ಫ್ಲೈಟ್ ಇವು ಹೆಸರಾದವು. ಮೊಬೈಲ್ ಪರದೆಯನ್ನು ಬೆರಳಿನಿಂದ ಉಜ್ಜಿ ಹಾರಿಸುವ ಆಟಗಳಿಂದ ಪ್ರಯೋಜನವಿಲ್ಲ. ನಿಮ್ಮದೇ ರೇಡಿಯೊದ ಸ್ಟಿಕ್ ಹೆಬ್ಬೆರಳಿನಡಿ ಇರಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಕೂತರೆ ಸಾಕು. ಭಾನುವಾರವೊಂದೇ ಮೂರು ಗಂಟೆ ಕೂತರೆ ಬೆರಳಿಗೆ ಹತ್ತುವುದಿಲ್ಲ.

ಇಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಪರದೆಯಲ್ಲಿ ಹೆಲಿ ಬಿದ್ದರೆ ಒಂದು ಗುಂಡಿ ಒತ್ತಿದರೆ ಹೊಸದು ಬರುತ್ತದೆ. ಆ ಗುಂಡಿಗೆ ಒಗ್ಗಿದವರು ಬೇಗನೆ ಸಾಹಸಕ್ಕೆ ಇಳಿಯುತ್ತಾರೆ, ಹೋವರ್ ಕಲಿಯುವುದೇ ಇಲ್ಲ. ಬಿದ್ದಾಗಲೆಲ್ಲ ರೇಡಿಯೊ ಕೆಳಗಿಟ್ಟು ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಬೀಳುವುದು ತಾನಾಗಿ ಕಡಿಮೆಯಾಗುತ್ತದೆ. ಸಿಮ್ಯುಲೇಟರ್‌ನಲ್ಲಿ ಸ್ವಲ್ಪ ಗಾಳಿಯನ್ನೂ ಹಾಕಿಕೊಳ್ಳಿ. ಬಾಲ ನಿಮ್ಮ ಕಡೆ, ಎಡ ಪಕ್ಕ, ಬಲ ಪಕ್ಕ, ಮೂತಿ ನಿಮ್ಮ ಕಡೆ, ಈ ನಾಲ್ಕೂ ಭಂಗಿಗಳಲ್ಲಿ ಐದೈದು ನಿಮಿಷ ಬೀಳದೆ ನಿಲ್ಲಿಸುವವರೆಗೆ ಹೊಲಕ್ಕೆ ಹೋಗುವ ಮಾತಿಲ್ಲ.

ಹಂತ 3: ಹೆಲಿಕಾಪ್ಟರ್ ಮತ್ತು ಕಾನೂನು, ಎರಡನ್ನೂ ಒಟ್ಟಿಗೆ ನೋಡಿ

ಮೊದಲ ಹೆಲಿ 250 ಗ್ರಾಂ ಒಳಗಿರಲಿ. ಒಂದು ಕಾರಣ ಕಾನೂನು. 2021ರ ಆಗಸ್ಟ್ 25ರಂದು ಜಾರಿಯಾದ ಡ್ರೋನ್ ನಿಯಮಗಳಲ್ಲಿ ರೋಟರ್‌ಕ್ರಾಫ್ಟ್ ಎಂಬ ವರ್ಗವೇ ಇದೆ; ಆದ್ದರಿಂದ ‘ನಮ್ಮದು ಡ್ರೋನ್ ಅಲ್ಲ, ಹೆಲಿಕಾಪ್ಟರ್’ ಎಂಬ ವಾದ ನಡೆಯುವುದಿಲ್ಲ. 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊಗೂ ದುಡಿಮೆಗಲ್ಲದೆ ಹವ್ಯಾಸಕ್ಕಾದರೆ ಬೇಡ. ಆದರೆ 250 ಗ್ರಾಂ ದಾಟಿದರೆ ಕೇಂದ್ರದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕಾಗುತ್ತದೆ.

ವಿದೇಶಿ ತಾಣಗಳಿಂದ ತರಿಸುವ ಆಸೆ ಬಿಡಿ. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿ 9ರಂದು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಯ ಕೆಲಸಕ್ಕೆ ಮಾತ್ರ ವಿನಾಯಿತಿ. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ. ದೇಶದೊಳಗಿನ ಹವ್ಯಾಸಿ ಅಂಗಡಿಗಳಲ್ಲಿ ದಾಸ್ತಾನಿರುವುದನ್ನೇ ಆರಿಸಿ, ಅದರ ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಬೆಲೆಗಿಂತ ಮೊದಲು ಕೇಳಿ. ಬ್ಲೇಡು, ಮೇನ್ ಶಾಫ್ಟ್ (ದೊಡ್ಡ ರೋಟರನ್ನು ಹೊತ್ತ ಕಂಬಿ), ಮೇನ್ ಗೇರ್ (ಆ ಕಂಬಿಯನ್ನು ತಿರುಗಿಸುವ ಹಲ್ಲುಚಕ್ರ), ಬಾಲದ ಕೊಳವೆ, ಸ್ಕಿಡ್ (ನೆಲಕ್ಕೂರುವ ಕಾಲು), ಈ ಐದು ಸಿಗದ ಹೆಲಿಕಾಪ್ಟರ್ ಎಷ್ಟೇ ಅಗ್ಗವಾದರೂ ಬೇಡ.

ಮೊದಲ ಹೆಲಿ ಸಣ್ಣದಿರಲಿ ಎನ್ನಲು ಇನ್ನೊಂದು ಕಾರಣ ಮೈಗೆ ಆಗಬಹುದಾದ ಗಾಯ. ‘450 ವರ್ಗ’ ಎನ್ನುವ ಮಧ್ಯಮ ಗಾತ್ರದ ಹೆಲಿಯ ರೋಟರ್ ಸುಮಾರು 70 ಸೆಂಟಿಮೀಟರ್ ಅಗಲ. ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ ಸುಮಾರು 330 ಕಿಲೊಮೀಟರ್ ವೇಗದಲ್ಲಿರುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ ಉದ್ಯಾನವೊಂದರಲ್ಲಿ 19 ವರ್ಷದ ಯುವಕನೊಬ್ಬ ತನ್ನದೇ ದೊಡ್ಡ ಮಾದರಿ ಹೆಲಿಕಾಪ್ಟರ್ ಬಡಿದು ಸತ್ತ. ಅವನು ಹೊಸಬನಾಗಿರಲಿಲ್ಲ, ಪಳಗಿದ ಕೈ. ಅಂಗಡಿಯವರು ‘ದೊಡ್ಡದು ಗಾಳಿಯಲ್ಲಿ ಸ್ಥಿರ’ ಎಂದು ಹೇಳುತ್ತಾರೆ. ಮಾತು ನಿಜ, ಆದರೂ ಮೊದಲ ವರ್ಷಕ್ಕೆ ಅದು ಬೇಡ.

ಫಿಕ್ಸೆಡ್ ಪಿಚ್ಚೋ ಕಲೆಕ್ಟಿವ್ವೋ? ಸಿಮ್ಯುಲೇಟರ್‌ನಲ್ಲಿ ಹೇಳಿದಷ್ಟು ಕೂತವರು ನೇರವಾಗಿ ಸಣ್ಣ ಕಲೆಕ್ಟಿವ್ ಪಿಚ್ ಹೆಲಿ ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಸಿಮ್ಯುಲೇಟರ್ ಬೇಡವೆನ್ನುವ ಹಟವಿದ್ದರೆ ನಾಲ್ಕು ಚಾನೆಲ್‌ನ ಫಿಕ್ಸೆಡ್ ಪಿಚ್ ಕೊಳ್ಳಿ. ಚಾನೆಲ್ ಎಂದರೆ ರೇಡಿಯೊ ಬೇರೆಬೇರೆಯಾಗಿ ಕಳಿಸಬಲ್ಲ ಆಜ್ಞೆಗಳ ಸಂಖ್ಯೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಪಕ್ಕಕ್ಕೆ ಸರಿಸಲು ಬರುವುದಿಲ್ಲ.

ಹಂತ 4: ಬ್ಯಾಟರಿಗೆ ಹೆದರಿ

ಈ ಹವ್ಯಾಸದಲ್ಲಿ ಮನೆಗೆ ಬೆಂಕಿ ಹಚ್ಚಬಲ್ಲ ವಸ್ತು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಇದರ ಒಂದು ಕೋಶಕ್ಕೆ, ಅಂದರೆ ಸೆಲ್‌ಗೆ, ತುಂಬಿದಾಗ 4.2 ವೋಲ್ಟ್; ಅದಕ್ಕಿಂತ ಮೇಲೆ ಹೋಗಕೂಡದು. ಎರಡು ಮೂರು ಸೆಲ್‌ನ ಬ್ಯಾಟರಿಯಾದರೆ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕು. ಚಾರ್ಜಿಂಗ್ ವೇಗ 1ಸಿ, ಅಂದರೆ ಸುಮಾರು ಒಂದು ಗಂಟೆಯಲ್ಲಿ ತುಂಬುವಷ್ಟು, ಇರಲಿ. 300 ಎಂಎಎಚ್ ಬ್ಯಾಟರಿಗೆ 1ಸಿ ಎಂದರೆ 0.3 ಆಂಪಿಯರ್.

ಹಾರಾಟದಲ್ಲಿ ಸಾಮರ್ಥ್ಯದ ನೂರಕ್ಕೆ 80ರಷ್ಟನ್ನು ಮಾತ್ರ ಬಳಸಿ. ರೇಡಿಯೊದಲ್ಲಿ ಟೈಮರ್ ಹಾಕಿ, ಅದು ಕೂಗಿದ ಕೂಡಲೇ ಇಳಿಸಿ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ಗಾಳಿ ಸ್ವಲ್ಪ ತೆಳು. ಪೆಟ್ಟಿಗೆಯ ಮೇಲೆ ಬರೆದಷ್ಟು ನಿಮಿಷ ಹಾರುತ್ತದೆಂದು ನಂಬಬೇಡಿ. ಒಂದೆರಡು ದಿನ ಹಾರಿಸುವುದಿಲ್ಲವೆಂದಾದರೆ ಪ್ರತಿ ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿಟ್ಟು ಎತ್ತಿಡಿ. ತುಂಬಿಸಿ ವಾರಗಟ್ಟಲೆ ಬಿಟ್ಟರೆ ಬ್ಯಾಟರಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಬಳಕೆಗೆ ಬಾರದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಮರೆತು ಬರುವುದು, ಇವೆರಡೂ ಕೂಡದು. ಚಾರ್ಜ್ ಮಾಡುವ ಜಾಗದಲ್ಲಿ ಒಂದು ಬಕೆಟ್ ಒಣ ಮರಳಿರಲಿ.

ಹಂತ 5: ಜಾಗ ಮತ್ತು ಹೊತ್ತು

ನಮ್ಮ ಕಡೆ ಕಲಿಯಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿವರೆಗೆ, ಬೆಳಗ್ಗೆ ಆರೂವರೆಯಿಂದ ಎಂಟೂವರೆ. ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ. ಆಷಾಢದಲ್ಲಂತೂ ಹೆಲಿಯನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ. ಗಾಳಿ ಒಂದು ಕಡೆಯಾದರೆ ಗಾಳಿಪಟದ ದಾರ ಇನ್ನೊಂದು ಕಡೆ.

ರಾಗಿ ಕೊಯ್ದ ಹೊಲ ನೋಡಲು ಸಮತಟ್ಟಾಗಿ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಗೇಣುದ್ದದ ಕೂಳೆ ಸಾಲುಸಾಲಾಗಿ ನಿಂತಿರುತ್ತದೆ. ಸ್ಕಿಡ್ ಅದಕ್ಕೆ ಸಿಕ್ಕಿಕೊಂಡರೆ ಹೆಲಿ ಏಳುವಾಗಲೇ ಮಗುಚುತ್ತದೆ. ಸಗಣಿ ಸಾರಿಸಿದ ಕಣ ಸಿಕ್ಕರೆ ನೆಲದ ಮಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಕ್ಕಣೆ ಮುಗಿದು ಹೊಟ್ಟು ಪೂರ್ತಿ ಗುಡಿಸಿದ ಮೇಲೆಯೇ ಹೋಗಿ, ಇಲ್ಲವಾದರೆ ರೋಟರಿನ ಗಾಳಿಗೆ ಹೊಟ್ಟೆದ್ದು ಗೇರಿನ ಹಲ್ಲುಗಳ ನಡುವೆ ಕೂರುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳವೂ ಆದೀತು, ಬಿರುಕುಗಳ ಮೇಲೆ ಹಳೆಯ ಚಾಪೆ ಹಾಸಿಕೊಳ್ಳಿ. ಪಂಪ್‌ಸೆಟ್ಟಿನ ಕರೆಂಟ್ ತಂತಿ ಹಾದುಹೋದ ಜಾಗ ಬೇಡ. ತೆಂಗಿನ ತೋಟದ ಪಕ್ಕವೂ ಬೇಡ. ಗುಬ್ಬಿ, ತಿಪಟೂರು ಕಡೆಯವರಿಗೆ ಇದನ್ನು ಪಾಲಿಸುವುದು ಕಷ್ಟವೆಂದು ಗೊತ್ತು. ಆದರೆ ಗರಿಗಳ ನಡುವೆ ಕೂತ ಹೆಲಿಯನ್ನು ಇಳಿಸಲು ಮರ ಹತ್ತುವವರನ್ನು ಹುಡುಕಿ, ಕರೆದು, ಕಾದು ಹಾರಾಟದ ಬೆಳಗು ಮುಗಿದೇ ಹೋಗುತ್ತದೆ.

ಎಲ್ಲಿ ಹಾರಿಸಬಹುದು ಎಂದು ತೋರಿಸುವ ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿಕೊಳ್ಳಿ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಕೇಳಬೇಕಿಲ್ಲ. ಕಲಿಯುವವರಿಗೆ 40 ಅಡಿಯೇ ಹೆಚ್ಚು. ಹಳದಿಗೆ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರ ಒಪ್ಪದೆ ಹಾರಿಸುವಂತಿಲ್ಲ. ಎಚ್‌ಎಎಲ್ ಕಾರ್ಖಾನೆಯ ಸುತ್ತಮುತ್ತ ಸುಳಿಯಬೇಡಿ. ದೇವರಾಯನದುರ್ಗದ ಕಾಡು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ, ಇವೆರಡೂ ಕಣ್ಣಿಗೆ ಸೊಗಸಾದ ಬಯಲು ಮತ್ತು ಬೆಟ್ಟ. ಹಾರಾಟಕ್ಕೆ ಸಲ್ಲದ ಜಾಗಗಳು. ಸಿದ್ಧಗಂಗೆಯಂತಹ ಜನ ಸೇರುವ ಕ್ಷೇತ್ರಗಳನ್ನು ಹೇಳಬೇಕಾಗಿಯೇ ಇಲ್ಲ.

ಹಳ್ಳಿಯ ಬಯಲಿನಲ್ಲಿ ರೋಟರಿನ ಸದ್ದು ಕೇಳಿದ ಹತ್ತು ನಿಮಿಷಕ್ಕೆ ಮಕ್ಕಳ ದಂಡು ಬಂದು ನಿಲ್ಲುತ್ತದೆ. ಬಯ್ದು ಓಡಿಸಲಾಗದು, ಓಡಿಸಲೂಬಾರದು. ಬ್ಯಾಟರಿ ಹಾಕುವ ಮೊದಲೇ ನಿಮ್ಮ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆಯಿರಿ. ಗೆರೆ ಕಾಯಲು ಒಬ್ಬ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನಿಗೆ ಬೇರೆ ಕೆಲಸ ಕೊಡಬೇಡಿ.

ಹಂತ 6: ಏಳುವ ಮುನ್ನ

ಮೊದಲು ರೇಡಿಯೊ ಆನ್, ಆಮೇಲೆ ಹೆಲಿಗೆ ಬ್ಯಾಟರಿ. ಮುಗಿಸುವಾಗ ಮೊದಲು ಹೆಲಿಯ ಬ್ಯಾಟರಿ ತೆಗೆದು ಆಮೇಲೆ ರೇಡಿಯೊ ಆಫ್. ಈ ಕ್ರಮ ತಪ್ಪಿದರೆ ಹೆಲಿ ಯಾರ ಮಾತನ್ನೂ ಕೇಳದ ಸ್ಥಿತಿಯಲ್ಲಿರುತ್ತದೆ.

ರೇಡಿಯೊದಲ್ಲಿ ಥ್ರಾಟಲ್ ಹೋಲ್ಡ್ ಎಂಬ ಸ್ವಿಚ್ ಇರುತ್ತದೆ. ಅದು ಸ್ಟಿಕ್ ಎಲ್ಲೇ ಇದ್ದರೂ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಹೆಲಿಯ ಹತ್ತಿರ ಕೈ ಹೋಗುವಾಗಲೆಲ್ಲ ಅದು ಹೋಲ್ಡ್‌ನಲ್ಲೇ ಇರಬೇಕು. ಬ್ಯಾಟರಿ ಜೋಡಿಸಿದ ಮೇಲೆ ಹೆಲಿಯನ್ನು ಸಮನೆಲದಲ್ಲಿ ಅಲುಗಾಡದಂತೆ ಕೆಲವು ಕ್ಷಣ ಬಿಡಿ. ಒಳಗಿನ ಗೈರೊ (ಅಲುಗಾಟ ಅಳೆಯುವ ಸಾಧನ) ತನ್ನ ಸೊನ್ನೆಯನ್ನು ಗುರುತಿಸಿಕೊಳ್ಳುವುದು ಆಗಲೇ. ಮೋಟಾರ್ ಹೋಲ್ಡ್‌ನಲ್ಲಿದ್ದಂತೆಯೇ ಹೆಲಿಯನ್ನು ಕೈಯಲ್ಲೆತ್ತಿ ಬಲಕ್ಕೆ ವಾಲಿಸಿ. ಸ್ವಾಶ್‌ಪ್ಲೇಟ್ ಅದಕ್ಕೆದುರಾಗಿ ಎಡಕ್ಕೆ ವಾಲಬೇಕು. ನೀವು ವಾಲಿಸಿದ ಕಡೆಗೇ ಅದೂ ವಾಲಿದರೆ ಹಾರಿಸಬೇಡಿ, ಗೈರೊದ ಹೊಂದಾಣಿಕೆ ತಿರುಗುಮುರುಗಾಗಿದೆ ಎಂದರ್ಥ. ಎದ್ದ ಕ್ಷಣವೇ ಮಗುಚುತ್ತದೆ.

ಹಂತ 7: ಮೊದಲ ಹೋವರ್

ಬಾಲ ನಿಮ್ಮ ಕಡೆ, ಮೂತಿ ಗಾಳಿಗೆದುರು. ಸಣ್ಣ ಹೆಲಿಗೆ ನೀವು ಆರು ಮೀಟರ್ ಹಿಂದಿರಿ. ಸ್ಕಿಡ್‌ಗೆ ಕಟ್ಟುವ, ತುದಿಯಲ್ಲಿ ಚೆಂಡಿರುವ ಅಡ್ಡಕಡ್ಡಿಗಳು ಸಿಗುತ್ತವೆ. ಟ್ರೈನಿಂಗ್ ಗೇರ್ ಎನ್ನುತ್ತಾರೆ. ಮೊದಲ ತಿಂಗಳು ಅವು ಇರಲಿ.

ರೋಟರ್ ಪೂರ್ತಿ ವೇಗಕ್ಕೆ ಬರುವವರೆಗೆ ಕಾಯಿರಿ. ಆಮೇಲೆ ಅನುಮಾನವಿಲ್ಲದೆ ಎತ್ತಿ, ಎದೆಯೆತ್ತರಕ್ಕೆ. ಹೊಸಬರು ಭಯದಿಂದ ನೆಲಕ್ಕೆ ನಾಲ್ಕು ಬೆರಳು ಮೇಲೆ ತೇಲಿಸುತ್ತಾರೆ. ಎಲ್ಲಕ್ಕಿಂತ ಅಪಾಯದ ಎತ್ತರ ಅದೇ. ರೋಟರ್ ಕೆಳಕ್ಕೆ ದೂಡಿದ ಗಾಳಿ ನೆಲಕ್ಕೆ ಬಡಿದು ಕದಡಿ ಹೆಲಿಯನ್ನು ಅತ್ತಿತ್ತ ಜಾರಿಸುತ್ತದೆ, ಸ್ಕಿಡ್ ಎಲ್ಲಾದರೂ ತಗುಲಿ ಉರುಳುತ್ತದೆ.

ಕಣ್ಣು ಮೂತಿಯ ಮೇಲಿರಲಿ. ಹತ್ತಿರ ಕಾಣುವುದು ಬಾಲವಾದ್ದರಿಂದ ಎಲ್ಲರೂ ಬಾಲ ನೋಡುತ್ತಾರೆ. ಆದರೆ ಎಡ ಸ್ಟಿಕ್ ಬಲಕ್ಕೆ ತಳ್ಳಿದರೆ ಮೂತಿ ಬಲಕ್ಕೆ, ಬಾಲ ಎಡಕ್ಕೆ ಹೋಗುತ್ತದೆ. ಬಾಲ ನೋಡಿ ತಿದ್ದಲು ಹೋದವರ ಹೆಲಿ ಬುಗುರಿಯಾಗುತ್ತದೆ.

ಗಾಬರಿಯಾದಾಗ ಎಡ ಸ್ಟಿಕ್ಕನ್ನು ಥಟ್ಟನೆ ಕೆಳಗೆಳೆಯುವುದು ಸಹಜ. ಕಲೆಕ್ಟಿವ್ ಪಿಚ್ ಹೆಲಿಯಲ್ಲಿ ಹಾಗೆ ಮಾಡಿದರೆ ಬ್ಲೇಡುಗಳ ಓರೆ ತಿರುಗಿ ಹೆಲಿ ನೆಲಕ್ಕೆ ಕುಕ್ಕರಿಸುತ್ತದೆ. ಗಾಬರಿಯಲ್ಲಿ ಇನ್ನೂ ಸ್ವಲ್ಪ ಮೇಲಕ್ಕೇರಿಸಿ. ಎತ್ತರವಿದ್ದರೆ ಯೋಚಿಸಲು ಸಮಯ ಸಿಗುತ್ತದೆ. ಬೀಳುವುದು ಖಚಿತವಾದರೆ, ನೆಲ ಮುಟ್ಟುವ ಮುನ್ನ ಥ್ರಾಟಲ್ ಹೋಲ್ಡ್ ಒತ್ತಿ. ಮೋಟಾರ್ ನಿಂತಿದ್ದರೆ ಗೇರಿನ ಹಲ್ಲು ಉಳಿಯುತ್ತವೆ. ಬೆರಳು ಕತ್ತಲಲ್ಲೂ ಆ ಸ್ವಿಚ್ಚನ್ನು ಹುಡುಕುವಂತೆ ಸಿಮ್ಯುಲೇಟರ್‌ನಲ್ಲೇ ರೂಢಿಸಿಕೊಳ್ಳಿ.

ಈಗಿನ ಹೆಲಿಗಳಲ್ಲಿ ಸ್ಟಿಕ್ ಬಿಟ್ಟರೆ ತಾನೇ ನೇರವಾಗುವ ಮೋಡ್ ಒಂದಿರುತ್ತದೆ. ಮೊದಲ ಕೆಲವು ಬ್ಯಾಟರಿಗಳಿಗೆ ಬಳಸಿ. ಅದರಲ್ಲೇ ಉಳಿದರೆ ಕಲಿತದ್ದು ಗೈರೊ, ನೀವಲ್ಲ.

ಹಂತ 8: ಪಕ್ಕ, ಆಮೇಲೆ ಮೂತಿ

ಬಾಲ ನಿಮ್ಮ ಕಡೆಗಿರುವ ಹೋವರ್ ಕೈಗೆ ಬಂದ ಮೇಲೆ ಮೂತಿಯನ್ನು ಒಂದೇ ಸಲ ಪಕ್ಕಕ್ಕೆ ತಿರುಗಿಸಬೇಡಿ. ಗಡಿಯಾರದ ಮುಳ್ಳಿನಲ್ಲಿ ಹನ್ನೆರಡರಿಂದ ಒಂದು, ಒಂದರಿಂದ ಎರಡು, ಹೀಗೆ ಸರಿಸಿ. ಬಲಕ್ಕೆ ಸುಲಭವೆನಿಸಿದವರಿಗೆ ಎಡ ಕಷ್ಟವಾಗುತ್ತದೆ. ಕಷ್ಟದ ಬದಿಗೆ ಹೆಚ್ಚು ಬ್ಯಾಟರಿ ಖರ್ಚು ಮಾಡಿ.

ಮೂತಿ ನಿಮ್ಮ ಕಡೆಗಿದ್ದಾಗ ಎಲ್ಲವೂ ತಿರುಗುಮುರುಗು. ಬಹುಪಾಲು ಜನ ಹವ್ಯಾಸ ಬಿಡುವುದು ಇಲ್ಲೇ. ಒಂದು ಉಪಾಯವಿದೆ: ನಿಮ್ಮ ಕಣ್ಣಿಗೆ ಹೆಲಿ ಯಾವ ಬದಿಗೆ ವಾಲುತ್ತಿದೆಯೋ ಆ ಬದಿಗೇ ಬಲ ಸ್ಟಿಕ್ ತಳ್ಳಿ, ಕುಸಿಯುವ ಬದಿಗೆ ಆಸರೆ ಕೊಟ್ಟಂತೆ. ಹೆಲಿ ನಿಮ್ಮತ್ತ ಬರುತ್ತಿದ್ದರೆ ಸ್ಟಿಕ್ಕನ್ನು ನಿಮ್ಮ ಹೊಟ್ಟೆಯ ಕಡೆಗೆ ಎಳೆಯಿರಿ. ಕೊನೆಗೆ ಉಪಾಯ ನೆನಪಾಗುವ ಮುನ್ನವೇ ಬೆರಳು ಆಡುತ್ತದೆ. ಅಲ್ಲಿಯವರೆಗೆ ಇದನ್ನು ಸಿಮ್ಯುಲೇಟರ್‌ನಲ್ಲಿ ಪ್ರತಿದಿನ ಮಾಡಿ, ಹೊಲದಲ್ಲಿ ವಾರಕ್ಕೊಮ್ಮೆ.

ಹಂತ 9: ಮುಂದಕ್ಕೆ ಹಾರಿಸುವುದು

ನಾಲ್ಕು ಭಂಗಿಯೂ ಬಂದರೆ ಇದು ಸಲೀಸು. ನಿಮ್ಮೆದುರು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ಹಾರಿಸಿ, ತಿರುವುಗಳೆಲ್ಲ ನಿಮ್ಮಿಂದ ದೂರಕ್ಕೆ ಇರಲಿ. ಅದು ಕೂತ ಮೇಲೆ ಮಲಗಿಸಿದ ಎಂಟರ ಆಕಾರ. ಎತ್ತರದಿಂದ ಲಂಬವಾಗಿ ವೇಗವಾಗಿ ಇಳಿಸಬೇಡಿ. ರೋಟರ್ ತಾನೇ ಕೆಳಗೆ ದೂಡಿದ ಗಾಳಿಯೊಳಗೆ ಕುಸಿಯುತ್ತದೆ. ಆಗ ಪಿಚ್ ಹೆಚ್ಚಿಸಿದಷ್ಟೂ ಹೆಚ್ಚು ಕುಸಿಯುತ್ತದೆ. ಹಾಗಾದರೆ ಮುಂದಕ್ಕೆ ತಳ್ಳಿ ಹೊಸ ಗಾಳಿಗೆ ಹೋಗಿ. ಇಳಿಸುವಾಗ ಯಾವಾಗಲೂ ಸ್ವಲ್ಪ ಮುನ್ನಡೆ ಇರಲಿ.

ಬಿದ್ದ ಮೇಲೆ

ಬೀಳುತ್ತದೆ. ಹೋಲ್ಡ್ ಒತ್ತಿ, ರೋಟರ್ ನಿಂತ ಮೇಲೆ ಹತ್ತಿರ ಹೋಗಿ ಬ್ಯಾಟರಿ ತೆಗೆಯಿರಿ. ಬ್ಯಾಟರಿ ಜಜ್ಜಿದ್ದರೆ ಚೀಲಕ್ಕೆ ಹಾಕಬೇಡಿ, ಬಯಲಿನಲ್ಲಿ ಬರಿ ಮಣ್ಣಿನ ಮೇಲೆ ಅರ್ಧ ಗಂಟೆ ಬಿಡಿ.

ಹೊರಗೆ ಏನೂ ಮುರಿದಿಲ್ಲವೆಂದು ಅಲ್ಲೇ ಮತ್ತೆ ಎತ್ತುವುದು ದುಬಾರಿ ತಪ್ಪು. ಮನೆಗೆ ತಂದು ಮೇನ್ ಶಾಫ್ಟನ್ನು ಹೊರತೆಗೆದು ಕಿಟಕಿಯ ಗಾಜಿನ ಚೂರಿನ ಮೇಲೋ ಕಡಪ ಕಲ್ಲಿನ ಮೇಲೋ ಬೆರಳಿನಿಂದ ಉರುಳಿಸಿ. ಬೆಳಕಿಗೆ ಕಣ್ಣಿಟ್ಟು ನೋಡಿದರೆ ಕಲ್ಲಿಗೂ ಶಾಫ್ಟಿಗೂ ನಡುವೆ ಬೆಳಕಿನ ಗೆರೆ ಅಗಲವಾಗಿ, ಕಿರಿದಾಗಿ ಆಡುತ್ತಿದ್ದರೆ ಅದು ಬಾಗಿದೆ. ಬಾಗಿದ್ದನ್ನು ಬಡಿದು ನೇರ ಮಾಡುವ ಪ್ರಯತ್ನ ಬೇಡ, ಹೊಸದು ಹಾಕಿ. ಎರಡೂ ಬ್ಲೇಡು ಹಿಡಿಯುವ ತಲೆಯೊಳಗೆ ಅಡ್ಡಕ್ಕೆ ಹೋಗುವ ಸಣ್ಣ ಕಂಬಿಗೂ (ಫೆದರಿಂಗ್ ಶಾಫ್ಟ್) ಇದೇ ಪರೀಕ್ಷೆ. ಮೇನ್ ಗೇರನ್ನು ಉಗುರಿನಿಂದ ಒಂದೊಂದೇ ಹಲ್ಲು ತಡವುತ್ತ ಪೂರ್ತಿ ಸುತ್ತು ನೋಡಿ. ಲೋಹಕ್ಕೆ ಲೋಹ ಸೇರುವ ತಿರುಪುಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕ್ ಅಂಟನ್ನು ಒಂದು ಹನಿ ಹಚ್ಚಿ, ಪ್ಲಾಸ್ಟಿಕ್ಕಿಗೆ ಬೇಡ. ಸೀಳಿದ ಬ್ಲೇಡನ್ನು ಫೆವಿಕ್ವಿಕ್ ಹಾಕಿ ಕೂಡಿಸಬೇಡಿ. ಎರಡೂ ಬ್ಲೇಡುಗಳನ್ನು ಜೋಡಿಯಾಗಿಯೇ ಬದಲಿಸಿ, ಹಳೆಯವನ್ನು ಮತ್ತಾರೂ ಹಾಕಿಕೊಳ್ಳದಂತೆ ಮುರಿದು ಎಸೆಯಿರಿ.